ಬೆಡ್‌ಶೀಟ್ ಹಿಡಿಸಿ ಕುಣಿಸಿದವಳು

ನೂರಾ ಹದಿನಾರು ಭಾನುವಾರಗಳ ಪಾಠದ ಕೂಲಿ ಅಕ್ಕನಿಗೆ ಇನ್ನೂ ಬಾಕಿ ಇದೆ. ಬಾಯಿಮಾತಿನಲ್ಲಿ ಒಪ್ಪಿಕೊಂಡ ಕೂಲಿ. ಕೊಡಬೇಕಾದವರು ಭಾನುವಾರ ಕುಣಿತ ನಡೆಯುವ ಹಾಲ್‌ನ ಸಮಿತಿಯವರು. ಕೇಳಿದಾಗಲೆಲ್ಲ ಕಾರ್ಯದರ್ಶಿ "ಮುಂದಿನ ತಿಂಗಳು ನೋಡೋಣ" ಅನ್ನುತ್ತಾನೆ, ಅಂದು ಕನ್ನಡಕ ಒರೆಸಿಕೊಳ್ಳುತ್ತಾನೆ. ಅಕ್ಕ ಸಂತಳೇನಲ್ಲ, ಮರೆತಿಲ್ಲ, ಬಿಟ್ಟುಕೊಟ್ಟೂ ಇಲ್ಲ. ಆದರೆ ಹೋದ ವರ್ಷ ಅವಳ ಕೈತಪ್ಪಿ ಹೋಗುವುದರಲ್ಲಿದ್ದದ್ದು ಕೂಲಿಯಲ್ಲ, ಪಾಠವೇ.

ಅಕ್ಕ ಅಂದರೆ ಯಾರು ಅಂತ ಮೊದಲು ಹೇಳಬೇಕು. ವಯಸ್ಸು ನಲವತ್ತಾರು. ಕನ್ನಡನಾಡಿನಿಂದ ದೂರದ ಒಂದು ಊರಿನಲ್ಲಿ, ಮೂರು ಹೋಟೆಲುಗಳ ಬಟ್ಟೆ ಒಗೆಯುವ ಒಂದು ದೊಡ್ಡ ಲಾಂಡ್ರಿಯಲ್ಲಿ ಕೆಲಸ. ಒಗೆಯುವುದು ಯಂತ್ರ, ಒಣಗಿಸುವುದು ಯಂತ್ರ, ಇಸ್ತ್ರಿ ಮಾಡುವುದೂ ಒಂದು ಆಳೆತ್ತರದ ರೋಲರ್. ಮಡಿಸುವುದು ಮಾತ್ರ ಮನುಷ್ಯರು. ಬಿಸಿಬಿಸಿ ಬೆಡ್‌ಶೀಟು ರೋಲರಿನಿಂದ ಈಚೆ ಬೀಳುತ್ತದೆ, ಈ ತುದಿಗೆ ಒಬ್ಬಳು ಆ ತುದಿಗೆ ಒಬ್ಬಳು ನಿಂತು ಮಡಿಸಬೇಕು. ದಿನಕ್ಕೆ ಆರು ನೂರು. ಅಕ್ಕ ಈ ತುದಿ. ಆ ತುದಿಗೆ ಒಂಬತ್ತು ವರ್ಷದಿಂದ ಒಬ್ಬಳೇ, ಬೇರೆ ದೇಶದಿಂದ ಬಂದ ಎತ್ತರದ ಹೆಂಗಸು. ಅವಳಿಗೆ ಅಕ್ಕ ಇಟ್ಟ ಹೆಸರು ಉದ್ದಕ್ಕ. ಮೊದಮೊದಲು ಇವಳ ಮಾತು ಅವಳಿಗೆ ಬಾರದು, ಅವಳ ಮಾತು ಇವಳಿಗೆ ಬಾರದು, ಇಬ್ಬರಿಗೂ ಆ ಊರಿನ ಭಾಷೆ ಬಸ್ಸು ಹತ್ತುವಷ್ಟು, ತರಕಾರಿ ತರುವಷ್ಟು. ಶೀಟಿನ ಎರಡು ತುದಿ ಒಂದಾಗಬೇಕಾದರೆ ಏನಾದರೂ ಕೂಗಲೇಬೇಕಲ್ಲ. ಅಕ್ಕ ತನಗೆ ಬಂದದ್ದರಲ್ಲೇ ಕೂಗಿದಳು.

"ಹಿಡಿ." ನಾಲ್ಕು ಮೂಲೆ ನಾಲ್ಕು ಕೈಗೆ.

"ಎಳೆ." ಸುಕ್ಕು ಹೋಗುವಷ್ಟು, ಹರಿಯದಷ್ಟು.

"ಬಾ." ಇಬ್ಬರೂ ನಡುವಿಗೆ.

"ಕೊಡು." ಒಬ್ಬಳ ಮೂಲೆ ಇನ್ನೊಬ್ಬಳ ಕೈಗೆ.

"ಬಿಡು." ಕೊಟ್ಟ ಕೈ ಖಾಲಿ.

"ತಿರುಗು." ಹಿಂದಿರುವ ಟ್ರಾಲಿಯಿಂದ ಮುಂದಿನ ಶೀಟು.

ಆರು ಮಾತು, ದಿನಕ್ಕೆ ಆರು ನೂರು ಸಲ. ಉದ್ದಕ್ಕನಿಗೆ ಕನ್ನಡ ಅಂತ ಬರುವುದು ಆ ಆರು, ಜೊತೆಗೆ 'ಅಕ್ಕ'. ಲಾಂಡ್ರಿಯಲ್ಲಿ ಮೊದಲು ಒಬ್ಬ ಕನ್ನಡದ ಹುಡುಗಿ ಇದ್ದಳು, ಅವಳು ಬಾಯಿತುಂಬ "ಅಕ್ಕ, ಅಕ್ಕ" ಅನ್ನುತ್ತಿದ್ದಳು. ಹುಡುಗಿ ಮದುವೆಯಾಗಿ ಹೋದಳು, ಕರೆಯುವ ಮಾತು ಉಳಿಯಿತು. ಅದೇ ಅವಳ ಹೆಸರು ಅಂದುಕೊಂಡ ಉದ್ದಕ್ಕ ಎಲ್ಲೆಲ್ಲೂ ಅದನ್ನೇ ಹೇಳಿದಳು. ಇವತ್ತಿಗೂ ಕುಣಿತದ ಹಾಲಿನ ರಿಜಿಸ್ಟರಿನಲ್ಲಿ ಹೆಸರಿನ ಕಾಲಮ್ಮಿನಲ್ಲಿ ಇರುವುದು ಅಕ್ಕ ಅಂತಲೇ.

ಆ ಹಾಲಿಗೆ ಕರೆದುಕೊಂಡು ಹೋದದ್ದೂ ಉದ್ದಕ್ಕನೇ. ಟೈರ್ ಅಂಗಡಿಯ ಮೇಲಿನ ಮಹಡಿ. ಹಲಗೆಯ ನೆಲ, ಒಂದು ಮೂಲೆ ಒಡೆದ ಕನ್ನಡಿ, ಗೋಡೆಗುಂಟ ಪ್ಲಾಸ್ಟಿಕ್ ಕುರ್ಚಿ, ಕುಡಿಯುವ ನೀರಿನ ಕ್ಯಾನು. ಭಾನುವಾರ ಮಧ್ಯಾಹ್ನ ಮೂರರಿಂದ ಆರು. ಅಲ್ಲಿ ಕುಣಿಯುವುದು ಜೋಡಿ ಕುಣಿತ. ಅದು ಹುಟ್ಟಿದ್ದು ಸಮುದ್ರದಾಚೆ ಎಲ್ಲೋ ಒಂದು ಬಂದರಿನಲ್ಲಿ, ಈಗ ಅದಕ್ಕೆ ಊರೂರಲ್ಲಿ ಹಾಲು. ಎಂಟು ಹತ್ತು ದೇಶದವರು ಬರುತ್ತಾರೆ. ಎರಡು ಹಾಡಿಗೊಮ್ಮೆ ಜೋಡಿ ಬದಲಾಗಲೇಬೇಕು, ಗಂಡ ಹೆಂಡತಿಯಾದರೂ ಅಷ್ಟೆ. ಯಾವ ದೇಶ ಅಂತ ಯಾರೂ ಯಾರನ್ನೂ ಕೇಳುವುದಿಲ್ಲ. ಕುಣಿಯಲು ಬರುತ್ತೀಯಾ ಅಂತ ಬಾಯಲ್ಲಿ ಕೇಳುವುದೂ ಇಲ್ಲ, ದೂರದಿಂದ ಹುಬ್ಬು ಹಾರಿಸಬೇಕು. ಮೊದಲ ದಿನ ಒಬ್ಬ ಗಂಡಸು ಹುಬ್ಬು ಹಾರಿಸಿದಾಗ ಅಕ್ಕ ಚಪ್ಪಲಿಗೆ ಕೈ ಹಾಕಿದ್ದಳು. ಉದ್ದಕ್ಕ ಕೈ ಹಿಡಿದು ತಡೆಯದಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಮೂರು ಭಾನುವಾರ ಅಕ್ಕ ಕುರ್ಚಿ ಬಿಟ್ಟು ಏಳಲಿಲ್ಲ. ಆಗ ಪಾಠ ಹೇಳುತ್ತಿದ್ದ ಮೇಡಂ ಹೆಜ್ಜೆಗಳ ಹೆಸರನ್ನೆಲ್ಲ ಆ ಬಂದರಿನ ಭಾಷೆಯಲ್ಲೇ ಕೂಗುತ್ತಿದ್ದಳು. ಅಕ್ಕನಿಗೆ ತಲೆಬುಡ ತಿಳಿಯಲಿಲ್ಲ. ನಾಲ್ಕನೇ ಭಾನುವಾರ ಉದ್ದಕ್ಕ ಎದುರಿಗೆ ನಿಂತು, ಎರಡೂ ಕೈ ಚಾಚಿ, ಮೆಲ್ಲಗೆ ಅಂದಳು: "ಹಿಡಿ." ಆಮೇಲೆ "ಎಳೆ." ಆಮೇಲೆ "ಬಾ." ಅಕ್ಕನ ಕಾಲು ತಾವಾಗಿ ಹೋದವು. ಇದು ಅದೇ ಅಲ್ಲವೇ ಅನ್ನಿಸಿತು ಅವಳಿಗೆ. ನಡುವೆ ಶೀಟು ಇಲ್ಲ ಅನ್ನುವುದು ಬಿಟ್ಟರೆ ಏನೇನೂ ವ್ಯತ್ಯಾಸವಿಲ್ಲ. ಇಷ್ಟು ವರ್ಷ ಸಂಬಳಕ್ಕೆ ಕುಣಿದಿದ್ದೇನೆ, ಗೊತ್ತೇ ಇರಲಿಲ್ಲ ಅಂದುಕೊಂಡು ನಕ್ಕಳು.

ಮುಂದೆ ಆ ಮೇಡಂ ಊರು ಬಿಟ್ಟಳು. ಕಾರ್ಯದರ್ಶಿ ಬಂದು, "ಸರಿಯಾದ ಟೀಚರ್ ಸಿಗೋ ತನಕ ಹೊಸಬರಿಗೆ ನೀನೇ ಹೇಳ್ಕೊಡು, ಎರಡೇ ವಾರ" ಅಂದ. ಎರಡು ವಾರ ಎರಡು ವರ್ಷ ದಾಟಿತು.

ಅಕ್ಕನ ಪಾಠ ಹೀಗೆ. ಲಾಂಡ್ರಿಯಲ್ಲಿ ಕಲೆ ಹೋಗದೆ ಹೊರಗೆ ಹಾಕಿದ ಶೀಟುಗಳನ್ನು ಮೇಲ್ವಿಚಾರಕನಿಗೆ ಹೇಳಿ ತಂದಳು. ಇಬ್ಬಿಬ್ಬರಿಗೆ ಒಂದೊಂದು. ಮೊದಲ ತಿಂಗಳು ಯಾರೂ ಯಾರ ಕೈಯನ್ನೂ ಮುಟ್ಟುವಂತಿಲ್ಲ, ಶೀಟು ಹಿಡಿದೇ ಕುಣಿಯಬೇಕು. ಜೋತು ಬಿದ್ದರೆ ನೀನು ಎದುರಿನವರನ್ನು ಬಿಟ್ಟುಕೊಟ್ಟೆ. ಬಿಗಿದರೆ ಎಳೆದಾಡಿದೆ. ಜೋಲದೆ ಬಿಗಿಯದೆ ನಿಂತ ದಿನ ಶೀಟು ಮಡಿಸಿ ಎತ್ತಿಡಬಹುದು, ಕೈ ಹಿಡಿಯಬಹುದು. ಮೊಣಕೈಗೆ ಅಷ್ಟು ಡಿಗ್ರಿ, ಭುಜಕ್ಕೆ ಇಷ್ಟು ಅಂತ ಮೇಡಂ ವರ್ಷಗಟ್ಟಲೆ ಗಂಟಲು ಹರಿದುಕೊಂಡದ್ದು ಇವಳ ನಾಲ್ಕು ವಾರದಲ್ಲಿ ಮೈಗೆ ಬರುತ್ತಿತ್ತು.

ಕೂಗುವುದು ಆರು ಮಾತು, ಕನ್ನಡದಲ್ಲಿ. ಊರ ಭಾಷೆಯಲ್ಲಿ ಕೂಗಲು ಹೋದರೆ ಅವಳಿಗೆ ಮಾತು ಸಿಗುವಷ್ಟರಲ್ಲಿ ತಾಳ ಮುಂದೆ ಹೋಗಿರುತ್ತಿತ್ತು. ವಾರವಿಡೀ ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಅಂಗಡಿಯಲ್ಲಿ ಅವಳು ಅರ್ಧ ನಾಲಿಗೆಯ ಹೆಂಗಸು. ಎದುರಿನವರು ಕಿವುಡರ ಜೊತೆ ಮಾತಾಡುವಂತೆ ಬಿಡಿಸಿ ಬಿಡಿಸಿ, ಜೋರಾಗಿ ಮಾತಾಡುತ್ತಾರೆ. ಭಾನುವಾರ ಮೂರು ಗಂಟೆಗೆ ಅದೇ ಹೆಂಗಸು "ತಿರುಗು" ಅಂದರೆ ನಲವತ್ತು ಜನ ತಿರುಗುತ್ತಾರೆ. ಅದರ ರುಚಿ ಏನು ಅಂತ ಬಾಯಿ ಕಟ್ಟಿಸಿಕೊಂಡು ಬದುಕಿದವರಿಗೆ ಮಾತ್ರ ಗೊತ್ತು.

ಕಲಿತವರಲ್ಲಿ ಒಬ್ಬ ಲಿಫ್ಟ್ ಮೆಕ್ಯಾನಿಕ್, ಒಬ್ಬಳು ನರ್ಸ್, ಒಬ್ಬ ಹೆಂಡತಿ ಸತ್ತ, ಎಪ್ಪತ್ತು ದಾಟಿದ ಗಡಿಯಾರ ರಿಪೇರಿಯವನು. ಒಬ್ಬೊಬ್ಬರದು ಒಂದೊಂದು ದೇಶ. ನರ್ಸ್ ಆರೂ ಮಾತನ್ನು ತನ್ನ ಲಿಪಿಯಲ್ಲಿ ನೋಟ್‌ಬುಕ್ಕಿಗೆ ಇಳಿಸಿದ್ದಳು. ಮೆಕ್ಯಾನಿಕ್ಕಿಗೆ ತನ್ನ 'ತಿರುಗು' ಉಳಿದವರಿಗಿಂತ ಸ್ವಚ್ಛ ಅಂತ ಒಂದು ಹಮ್ಮು. ಇಲ್ಲೇ ಒಂದು ಎಡವಟ್ಟು ಆಗಿತ್ತು, ಎರಡು ವರ್ಷ ಯಾರ ಗಮನಕ್ಕೂ ಬರಲಿಲ್ಲ. ಹೊಸಬರೆಲ್ಲ ಆ ಆರು ಮಾತು ಕುಣಿತ ಹುಟ್ಟಿದ ಬಂದರಿನ ಭಾಷೆ ಅಂತಲೇ ನಂಬಿದ್ದರು. ಕುಣಿತದ ಹೆಜ್ಜೆಗೆ ಕುಣಿತದ ಭಾಷೆಯಲ್ಲಿ ಹೆಸರಿರುತ್ತದೆ ಅಂತ ಎಲ್ಲರಿಗೂ ಗೊತ್ತು, ಟೀಚರ್ ಏನೋ ಕೂಗುತ್ತಾಳೆ, ಅಂದಮೇಲೆ ಅದೇ ಇದು. ಅಕ್ಕನೋ, ಇದು ನನ್ನ ಮಾತು ಅಂತ ಇವರಿಗೆ ಗೊತ್ತೇ ಇದೆ ಅಂದುಕೊಂಡಿದ್ದಳು. ಅವರು ಕೇಳಲಿಲ್ಲ, ಇವಳು ಹೇಳಲಿಲ್ಲ.

ಮನೆಯಲ್ಲಿ ಗಂಡ, ಅತ್ತೆ. ಮಗಳು ಬೇರೆ ಊರಿನ ಹಾಸ್ಟೆಲಿನಲ್ಲಿ. ಗಂಡ ಸಿಟಿ ಬಸ್ ಡ್ರೈವರ್, ಕುಣಿತ ಅಂದರೆ ಕೈಮುಗಿಯುವವನು. "ವಾರಪೂರ್ತಿ ಸೀಟಲ್ಲೇ ಕುಣಿದಿರ್ತೀನಿ, ಈ ಊರ ರಸ್ತೆ ನೋಡಿದೀಯಲ್ಲ" ಅನ್ನುತ್ತಾನೆ. ಅತ್ತೆ ಬಂದು ಒಂಬತ್ತು ತಿಂಗಳಾಗಿತ್ತು. ಮಾತಿನ ಮಲ್ಲಿ, ಆ ಊರಿನಲ್ಲಿ ಮಾತಾಡಲು ಮಗ ಸೊಸೆ ಬಿಟ್ಟರೆ ಗೋಡೆ. ಸೊಸೆ ಕುಣಿಯಲು ಹೋಗುತ್ತಾಳೆ ಅಂತ ತಿಳಿದ ದಿನ ಮನೆ ಗಡಗಡ ನಡುಗುತ್ತದೆ ಅಂತ ಗಂಡ ಹೆದರಿದ್ದ.

ಅತ್ತೆ ಕೇಳಿದ್ದು ಇಷ್ಟೇ. "ಹತ್ತು ಜನದ ಕೈ ಹಿಡೀತೀಯಂತಲ್ಲೇ. ಒಬ್ಬನಾದ್ರೂ ಕೈ ತೊಳ್ಕೊಂಡು ಬರ್ತಾನಾ?"

"ಬಾಗಿಲಲ್ಲೇ ಸೋಪು ಇಟ್ಟಿದೀವಿ ಅತ್ತೆ."

"ಹಾಗಾದ್ರೆ ಸರಿ. ಮತ್ತೆ ಅಷ್ಟು ದೊಡ್ಡ ದೊಡ್ಡ ಗಂಡಸರಿಗೆ 'ಬಾ' ಅಂತ ಏಕವಚನದಲ್ಲಿ ಕೂಗ್ತೀಯಂತೆ, ಇವನು ಹೇಳ್ದ. 'ಬನ್ನಿ' ಅನ್ನೋಕೆ ನಿಂಗೇನು ಬಾಯಿ ನೋವಾ?"

"'ಬನ್ನಿ' ಅನ್ನೋಷ್ಟರಲ್ಲಿ ಒಂದು ಹೆಜ್ಜೆ ತಪ್ಪಿರುತ್ತೆ ಅತ್ತೆ. ಮರ್ಯಾದೆಗೆ ಅಲ್ಲಿ ಜಾಗ ಇಲ್ಲ."

ಹೋದ ವರ್ಷ ಹಾಲಿನ ಸಮಿತಿ ಒಂದು ದೊಡ್ಡ ಒಕ್ಕೂಟ ಸೇರಿತು. ಹತ್ತಾರು ದೇಶಗಳ ಇಂಥ ಹಾಲುಗಳೆಲ್ಲ ಸೇರಿ ಮಾಡಿಕೊಂಡದ್ದು. ಸೇರಿದರೆ ಪೋಸ್ಟರಿನಲ್ಲಿ ಹೆಸರು, ಹೊರಗಿನಿಂದ ಬರುವ ಕುಣಿಯುವವರು, ಸಮಿತಿಗೆ ಕೊಂಬು. ಅವರ ನಿಯಮ ಒಂದಿತ್ತು. ಪಾಠ ಹೇಳುವವರಿಗೆ ಒಕ್ಕೂಟದ ಪತ್ರ ಇರಬೇಕು, ಪಾಠ ಬಂದರಿನ ಭಾಷೆಯಲ್ಲೇ ನಡೆಯಬೇಕು. ಆ ನಾಡಿನ ಒಬ್ಬ ಉಸ್ತಾದ ಬಂದು ನೋಡಿ ಪತ್ರ ಕೊಡುತ್ತಾನೆ. ಆ ಭಾಷೆಯನ್ನು ದುಡ್ಡು ಕೊಟ್ಟು ಸಂಜೆ ತರಗತಿಯಲ್ಲಿ ಕಲಿತವನು ಹಾಲಿನಲ್ಲಿ ಒಬ್ಬನೇ, ಕೆಳಗಿನ ಬೀದಿಯ ಶೂ ಅಂಗಡಿಯವನು.

ಕಾರ್ಯದರ್ಶಿ ಅಕ್ಕನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿ ಊರ ಭಾಷೆಯಲ್ಲಿ ಹೇಳಿದ. "ಬೇಜಾರು ಮಾಡ್ಕೋಬೇಡ. ಉಸ್ತಾದ ಬರೋ ದಿನದಿಂದ ಹೊಸಬರಿಗೆ ಶೂ ಅಂಗಡಿಯವನು ಹೇಳ್ಕೊಡ್ತಾನೆ. ನೀನು ಬಾ, ಡಾನ್ಸ್ ಮಾಡು. ಪಾಠ ಬೇಡ."

"ಯಾಕೆ? ಯಾರಾದ್ರೂ ಕಲೀಲಿಲ್ಲ ಅಂದ್ರಾ?"

"ಕಲಿತಿದಾರೆ. ಆದ್ರೆ ನಿನ್ನ ಭಾಷೆ ಇಲ್ಲಿ ಯಾರಿಗೆ ಬೇಕು? ಇಲ್ಲಿಂದ ಹೋದವರು ಬೇರೆ ಊರಲ್ಲಿ ಏನಂತ ಹೇಳ್ತಾರೆ? ಎಲ್ರಿಗೂ ಒಂದೇ ಭಾಷೆ ಇದ್ರೆ ತಾನೆ ಎಲ್ರೂ ಒಂದು?"

"ಹೆಸರು ಕಲ್ತ್ಕೊಂಡ್ರೆ ನಾನೂ ಹೇಳಬಹುದಲ್ಲ?"

ಅವನು ಕನ್ನಡಕ ಒರೆಸಿಕೊಂಡ. "ನೋಡು. ಉಸ್ತಾದ ಬರೋದು ಆರು ವಾರಕ್ಕೆ."

ಅಕ್ಕ ಕಲಿಯಲು ಕೂತಳು. ಇಪ್ಪತ್ತೆರಡು ಹೆಜ್ಜೆಗೆ ಇಪ್ಪತ್ತೆರಡು ಹೆಸರು, ಶೂ ಅಂಗಡಿಯವನೇ ಪಾಪ ಕಾಗದದಲ್ಲಿ ಬರೆದುಕೊಟ್ಟ. ಒಳ್ಳೆಯ ಮನುಷ್ಯ ಅವನು, ಅವನ ಮೇಲೆ ಯಾರಿಗೂ ಸಿಟ್ಟಿರಲಿಲ್ಲ. ಗಂಡ ಡ್ಯೂಟಿ ಮುಗಿಸಿ ಬಂದು ಊಟದ ಮೇಜಿನ ಹತ್ತಿರ ಕಾಗದ ಹಿಡಿದು ಪರೀಕ್ಷೆ ಮಾಡುತ್ತಿದ್ದ. ಅತ್ತೆ ಪಕ್ಕದಲ್ಲಿ ಕೂತು, "ಮೂರನೇದು ತಪ್ಪು" ಅನ್ನುತ್ತಿದ್ದಳು.

"ಅಮ್ಮ, ನಿಂಗೆ ಹೇಗೆ ಗೊತ್ತು?"

"ನಿನ್ನೆ ಹೇಳಿದ ಹಾಗಿಲ್ಲ. ನಿನ್ನೆ ಕೊನೇಲಿ ಮೂಗಿಂದ ಹೇಳಿದ್ಲು."

ವಾರದಲ್ಲಿ ಹೆಸರುಗಳೆಲ್ಲ ಬಾಯಿಗೆ ಬಂದವು. ಹೆಸರು ಬಂದದ್ದೇ ಕಾಲು ದಾರಿ ತಪ್ಪಿದವು. ಲಾಂಡ್ರಿಯಲ್ಲಿ ಉದ್ದಕ್ಕನ ಎದುರು ನಿಂತು "ಹಿಡಿ" ಅನ್ನುವ ಬದಲು ಬಂದರಿನ ಹೆಸರು ಕೂಗಿ ನೋಡಿದಳು. ಉದ್ದಕ್ಕ ಶೀಟು ಎಳೆಯಬೇಕಾದಲ್ಲಿ ಬಿಟ್ಟಳು, ಬರಬೇಕಾದಲ್ಲಿ ನಿಂತಳು. ಬಿಸಿ ಶೀಟು ನೆಲಕ್ಕೆ ಬಿತ್ತು. ಮಧ್ಯಾಹ್ನದ ಹೊತ್ತಿಗೆ ಮೂವತ್ತು ಶೀಟು ಸೊಟ್ಟ ಮಡಿಕೆ. ಮೇಲ್ವಿಚಾರಕ ಬಂದು ನೋಡಿ ಮೂವತ್ತನ್ನೂ ಮತ್ತೆ ಟ್ರಾಲಿಗೆ ಹಾಕಿದ.

ಉದ್ದಕ್ಕ ಸೊಂಟದ ಮೇಲೆ ಕೈ ಇಟ್ಟುಕೊಂಡು ತನ್ನ ಮುರುಕು ಊರ ಭಾಷೆಯಲ್ಲಿ ಅಂದಳು: "ಅಕ್ಕ. ಅದು ಬಾಯಿ. ಇದು ಕೈ. ನೀನು ಬಾಯಿ ನೋಡ್ತಿದೀಯ."

ಅಕ್ಕ ಕಾಗದ ಮಡಿಸಿ ಏಪ್ರನ್ ಜೇಬಿಗೆ ಹಾಕಿದಳು. ಏಪ್ರನ್ನು ಅವತ್ತೇ ಒಗೆಯಲು ಹೋಯಿತು, ಕಾಗದವೂ ಹೋಯಿತು. ಅಲ್ಲಿಗೆ ಆ ವಿದ್ಯೆ ಮುಗಿಯಿತು.

ಉಸ್ತಾದ ಬರುವ ಭಾನುವಾರ ಹಾಲು ತೊಳೆದು ಒರೆಸಿದ್ದರು. ಶೀಟುಗಳನ್ನು ಬೀರುವಿಗೆ ತುಂಬಿಸಿ ಕಾರ್ಯದರ್ಶಿ, "ಹಾಸಿಗೆ ಬಟ್ಟೆ ಹರವಿ ಕೂತ್ರೆ ಬಂದವರು ಏನಂದ್ಕೋತಾರೆ" ಅಂತ ಬಾಗಿಲು ಹಾಕಿದ್ದ. ಅಕ್ಕನಿಗೆ ಗೋಡೆಯ ಹತ್ತಿರ ನಿಲ್ಲಲು ಹೇಳಿದ್ದ. ಅವಳು ನಿಂತಳು. ಇವತ್ತು ಕೊನೆಯದು, ನೋಡಿಕೊಂಡು ಹೋಗೋಣ ಅಂತ ಬಂದಿದ್ದಳು, ನೀಲಿ ಸೀರೆ ಉಟ್ಟುಕೊಂಡು. ಗಂಡನಿಗೆ ಅವತ್ತು ರಜೆ, ಅತ್ತೆಯನ್ನೂ ಕರೆತಂದಿದ್ದ. ಅತ್ತೆಗೆ ಪರದೇಶದ ಉಸ್ತಾದನನ್ನು ನೋಡುವ ಆಸೆ.

ಉಸ್ತಾದ ನೋಡಿದರೆ ಗುಜ್ಜಾರಿ, ಹೊಟ್ಟೆ ಬಂದವನು, ಎಡ ಮಂಡಿಗೆ ಪಟ್ಟಿ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ. "ಇವನೇನು ಕುಣಿತಾನೆ, ಇವನನ್ನ ಯಾರಾದ್ರೂ ಹಿಡ್ಕೋಬೇಕು" ಅಂದಳು ಅತ್ತೆ. ಯಾರಿಗೂ ಅರ್ಥವಾಗುವುದಿಲ್ಲ ಅನ್ನುವ ಧೈರ್ಯದಲ್ಲಿ ಗಟ್ಟಿಯಾಗಿಯೇ ಅಂದಳು.

ಅಕ್ಕನ ಹತ್ತಿರ ಕಲಿತ ನಲವತ್ತು ಜನ ಜೋಡಿಯಾಗಿ ನಿಂತರು. ಹಾಡು ಹಾಕಿದರು. ಶೂ ಅಂಗಡಿಯವನು ಗಂಟಲು ಸರಿಮಾಡಿಕೊಂಡು ಬಂದರಿನ ಭಾಷೆಯಲ್ಲಿ ಮೊದಲ ಹೆಜ್ಜೆಯ ಹೆಸರು ಕೂಗಿದ. ಯಾರೂ ಅಲ್ಲಾಡಲಿಲ್ಲ. ಎರಡನೆಯದು ಕೂಗಿದ. ಗಡಿಯಾರದವನು ನರ್ಸ್ ಮುಖ ನೋಡಿದ, ನರ್ಸ್ ಚಾವಣಿ ನೋಡಿದಳು. ಮೂರನೆಯದಕ್ಕೆ ಒಂದು ಜೋಡಿ ಎಡಕ್ಕೆ ಹೋಯಿತು, ಒಂದು ಬಲಕ್ಕೆ, ನಡುವೆ ಇಬ್ಬರು ಡಿಕ್ಕಿ ಹೊಡೆದು ಕ್ಷಮೆ ಕೇಳಿಕೊಂಡರು. ಹಾಡು ನಿಲ್ಲಿಸಿದರು.

ಲಿಫ್ಟ್ ಮೆಕ್ಯಾನಿಕ್ ಕೈ ಎತ್ತಿದ. "ಸರ್, ಇದೇನೋ ಹೊಸದು. ನಮಗೆ ಅಸಲಿ ಭಾಷೇಲಿ ಹೇಳಿ."

"ಇದೇ ಅಸಲಿ" ಅಂದ ಶೂ ಅಂಗಡಿಯವನು.

"ಇಲ್ಲ ಸರ್. ಅಸಲಿ ನಮಗೆ ಗೊತ್ತು. ಎರಡು ವರ್ಷ ಕಲ್ತಿದೀವಿ."

ನರ್ಸ್ ಬ್ಯಾಗಿನಿಂದ ನೋಟ್‌ಬುಕ್ ತೆಗೆದು, ಆಸ್ಪತ್ರೆಯಲ್ಲಿ ರೋಗಿಗಳ ಹೆಸರು ಓದುವ ದನಿಯಲ್ಲಿ ಓದಿದಳು: "ಹಿಡಿ. ಎಳೆ. ಬಾ. ಕೊಡು. ಬಿಡು. ತಿರುಗು." ನಲವತ್ತು ಬಾಯಿ ಅದನ್ನೇ ಅಂದವು. ಬಾಯಿ ಅಂದದ್ದೇ ಕಾಲು ಎದ್ದವು. ಹಾಡು ಇಲ್ಲ, ತಾಳ ಇಲ್ಲ, ಹಲಗೆಯ ಮೇಲೆ ಎಂಬತ್ತು ಕಾಲು ಒಟ್ಟಿಗೆ ಬಿದ್ದವು. ಕೆಳಗೆ ಟೈರ್ ಅಂಗಡಿಯವನು ಹೊರಗೆ ಬಂದು ಮೇಲಕ್ಕೆ ನೋಡಿದನಂತೆ.

ಆಗ ಅತ್ತೆ ಕುರ್ಚಿಯಿಂದ ಎದ್ದಳು.

"ಇವರಿಗೆಲ್ಲ ಕನ್ನಡ ಬರುತ್ತೆ ಅಂತ ನಂಗ್ಯಾಕೆ ಹೇಳ್ಲಿಲ್ಲ? ಒಂಬತ್ತು ತಿಂಗಳು ನನ್ನ ಗೋಡೆ ಜೊತೆ ಮಾತಾಡಿಸಿದ್ರಲ್ಲ ನೀವಿಬ್ರೂ."

ಮಗ ಹಿಡಿಯುವಷ್ಟರಲ್ಲಿ ಅವಳು ಹಾಲಿನ ನಡುವೆ ಹೋಗಿ ಗಡಿಯಾರದವನ ಮುಂದೆ ನಿಂತಿದ್ದಳು. ವಯಸ್ಸಿನಲ್ಲಿ ತನಗೆ ಸಮ ಅಂತ ಅವನನ್ನೇ ಆರಿಸಿದಳು. "ಏನಪ್ಪಾ, ಮನೇಲಿ ಯಾರ್ಯಾರಿದೀರಿ? ಅಡುಗೆ ನೀವೇ ಮಾಡ್ಕೋತೀರಾ?"

ಗಡಿಯಾರದವನು ಗೌರವದಿಂದ ತಲೆ ಬಾಗಿಸಿ ಅಂದ: "ಹಿಡಿ."

"ಏನು ಹಿಡೀಲಿ?"

"ಎಳೆ" ಅಂದ ಅವನು ಇನ್ನೂ ಗೌರವದಿಂದ.

ಅತ್ತೆ ಮಗನ ಕಡೆ ತಿರುಗಿದಳು. "ತಲೆ ಸರಿ ಇದೆಯಾ ಈ ಮನುಷ್ಯನಿಗೆ?"

ಉಸ್ತಾದ ಏನೂ ಅರ್ಥವಾಗದೆ, ಇದು ಯಾವ ಭಾಷೆ ಅಂತ ಕೇಳಿದ. ಶೂ ಅಂಗಡಿಯವನು ಅದನ್ನು ಊರ ಭಾಷೆಗೆ ತಂದ. ನಲವತ್ತು ಜನ ಒಟ್ಟಿಗೆ ಹೇಳಿದರು: ನಿಮ್ಮದೇ.

"ನಮ್ಮದಲ್ಲ" ಅಂದ ಉಸ್ತಾದ.

ಒಬ್ಬೊಬ್ಬರಾಗಿ ಎಲ್ಲರೂ ಗೋಡೆಯ ಕಡೆ ತಿರುಗಿದರು. ಅಕ್ಕನಿಗೆ ಕದ್ದು ಸಿಕ್ಕಿಬಿದ್ದವಳಂತೆ ಮೈ ಬಿಸಿಯಾಯಿತು, ಕದ್ದದ್ದು ಏನು ಅಂತ ಮಾತ್ರ ಹೊಳೆಯಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು.

"ಕನ್ನಡ ಅದು. ನಮ್ಮನೆ ಮಾತು. ಲಾಂಡ್ರೀಲಿ ಶೀಟು ಮಡಿಸುವಾಗ ಕೂಗೋದು. ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ."

ಮೊದಲು ಬಾಯಿ ಬಿಟ್ಟವನು ಮೆಕ್ಯಾನಿಕ್. "ಹೋದ ವರ್ಷ ನಾನು ಎರಡು ದಿನ ರೈಲಲ್ಲಿ ಹೋಗಿ ದೊಡ್ಡ ಕೂಟದಲ್ಲಿ ಡಾನ್ಸ್ ಮಾಡಿ ಬಂದೆ. ಅಲ್ಲೊಬ್ಬಳು ಕೈ ಬಿಡ್ಲಿಲ್ಲ ಅಂತ 'ಬಿಡು, ಬಿಡು' ಅಂತ ತಿದ್ದಿದೆ. ಅವಳು, ತಪ್ಪಾಯ್ತು, ನಂಗೆ ಅಸಲಿ ಪದ ಅಷ್ಟು ಬರಲ್ಲ ಅಂತ ಕ್ಷಮೆ ಕೇಳಿದ್ಲು. ನಾನು ಪರವಾಗಿಲ್ಲ, ಕಲೀತೀಯ ಅಂದೆ."

ಉದ್ದಕ್ಕ ಮೊದಲು ನಕ್ಕಳು, ಅವಳದು ಯಂತ್ರಗಳ ಸದ್ದನ್ನು ಮೀರಿ ನಕ್ಕು ಅಭ್ಯಾಸವಾದ ಗಂಟಲು. ಆಮೇಲೆ ಹಾಲಿಗೆ ಹಾಲೇ ಹೊಟ್ಟೆ ಹಿಡಿದುಕೊಂಡಿತು. ನರ್ಸ್ ನೆಲದ ಮೇಲೆ ಕೂತುಬಿಟ್ಟಳು. ಮೆಕ್ಯಾನಿಕ್ ಮುಖ ಹರಳೆಣ್ಣೆ ಕುಡಿದಂತೆ ಇದ್ದದ್ದು ಮೆಲ್ಲಗೆ ಸಡಿಲವಾಗಿ ಅವನೂ ನಕ್ಕ. "ಆದ್ರೂ ನನ್ನ 'ತಿರುಗು' ಚೆನ್ನಾಗಿದೆ ತಾನೆ?" ಅಂತ ಅಕ್ಕನನ್ನು ಕೇಳಿದ. "ನನ್ನ ಗಂಡನದಕ್ಕಿಂತ ಚೆನ್ನಾಗಿದೆ" ಅಂದಳು ಅಕ್ಕ.

ಕಾರ್ಯದರ್ಶಿ ಮಾತ್ರ ನಗಲಿಲ್ಲ. "ನೋಡಿದ್ರಾ? ಇದಕ್ಕೇ ನಾನು ಹೇಳಿದ್ದು. ಇವಳು ಇಷ್ಟು ಜನಕ್ಕೆ ತಪ್ಪು ಕಲಿಸಿದಾಳೆ."

ಉಸ್ತಾದ ಕೂತಿದ್ದ ನರ್ಸ್ ಕೈ ಹಿಡಿದು ಎಬ್ಬಿಸಿ ಒಂದು ಸುತ್ತು ಕುಣಿದ. ಗಡಿಯಾರದವನ ಜೊತೆ ಕುಣಿದ. ಮೆಕ್ಯಾನಿಕ್ ಜೊತೆ ಕುಣಿದ, ಮಂಡಿ ಒತ್ತಿಕೊಂಡು ಕೂತ, ಮತ್ತೆ ಎದ್ದು ಇನ್ನೂ ನಾಲ್ಕು ಜನರ ಜೊತೆ ಕುಣಿದ. ಆಮೇಲೆ ಏನೋ ಹೇಳಿದ. ಶೂ ಅಂಗಡಿಯವನು ಅದನ್ನು ಒಂದಕ್ಷರ ಬಿಡದೆ ಊರ ಭಾಷೆಗೆ ತಂದ. ಅಕ್ಕನ ಪಾಠ ಹೊಗಳುವ ಮಾತುಗಳಿಂದ ತನಗೆ ಬರಬೇಕಾದ ಪಾಠ ಹೋಗಬಹುದು ಅಂತ ಗೊತ್ತಿದ್ದೂ ತಂದ, ಅದಕ್ಕೆ ಅವನನ್ನು ಮೆಚ್ಚಬೇಕು. "ಇವರಿಗೆ ಡಾನ್ಸ್ ಬರುತ್ತೆ ಅಂತಾರೆ. ಕೈಗಳು ತುಂಬ ಚೆನ್ನಾಗಿವೆ ಅಂತಾರೆ. ಇಂಥ ಕೈ ಮಾಡೋಕೆ ತಮಗೆ ಮೂರು ವರ್ಷ ಬೇಕಾಗುತ್ತೆ ಅಂತಾರೆ. ಆದ್ರೆ ನಿಯಮ ನಿಯಮವೇ. ಪತ್ರ ಅವರ ಭಾಷೇಲಿ ಪಾಠ ಹೇಳೋರಿಗೆ ಮಾತ್ರ."

ಕಾರ್ಯದರ್ಶಿ ಕನ್ನಡಕ ಒರೆಸಿಕೊಂಡ. "ಅಲ್ಲಿಗೆ ಮುಗೀತು."

ಮುಗಿಯಲಿಲ್ಲ. ನರ್ಸ್ ಮತ್ತೆ ನೆಲದ ಮೇಲೆ ಕೂತಳು. ಗಡಿಯಾರದವನು ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಅವಳ ಪಕ್ಕ ಕೂತ. ಮೆಕ್ಯಾನಿಕ್ ಕೂತ. ಯಾರೂ ಘೋಷಣೆ ಕೂಗಲಿಲ್ಲ, ಒಬ್ಬೊಬ್ಬರಾಗಿ ಕೂತರು, ಹಲಗೆ ಕಾಣದಷ್ಟು ಕೂತರು. ಅತ್ತೆಗೆ ಯಾಕೆ ಅಂತ ಪೂರ್ತಿ ತಿಳಿಯದಿದ್ದರೂ, ಮಗನ ಕೈ ಕೊಡವಿ ಗಡಿಯಾರದವನ ಪಕ್ಕ ತಾನೂ ಕೂತಳು.

"ಏನಿದು?" ಅಂದ ಕಾರ್ಯದರ್ಶಿ.

ಮೆಕ್ಯಾನಿಕ್ ಅಂದ: "ಹಾಲಿನ ಬಾಡಿಗೆ ನಮ್ಮ ಚಂದಾದಿಂದ ಹೋಗುತ್ತೆ. ಒಕ್ಕೂಟ ಸೇರುವಾಗ ನಮ್ಮನ್ನ ಕೇಳಲಿಲ್ಲ. ಅಕ್ಕನಿಗೆ ಪಾಠ ಬೇಡ ಅಂದಾಗಲೂ ಕೇಳಲಿಲ್ಲ. ಅಕ್ಕ ಹೇಳದೆ ನಾವು ಏಳಲ್ಲ."

"ಅವಳ ಭಾಷೆ ನಿಮಗೆ ಗೊತ್ತಿಲ್ಲವಲ್ಲ."

"ಆರು ಮಾತು ಗೊತ್ತು" ಅಂದಳು ನರ್ಸ್. "ಅವರದು ಒಂದೂ ಗೊತ್ತಿಲ್ಲ."

ಎಲ್ಲರ ಕಣ್ಣು ಅಕ್ಕನ ಮೇಲೆ. ಅವಳಿಗೆ ಭಾಷಣ ಬರುವುದಿಲ್ಲ. ಊರ ಭಾಷೆಯಲ್ಲಿ ತಡವರಿಸುತ್ತಾ, ನಡುನಡುವೆ ಕನ್ನಡ ಸೇರಿಸಿಕೊಂಡು ಹೇಳಿದಳು. "ಪತ್ರ ನಂಗೆ ಬೇಡ. ಇವರ ಹೆಸರುಗಳು ಕೆಟ್ಟವು ಅಂತ ನಾನು ಅನ್ನಲ್ಲ. ದೂರ ಹೋಗೋರಿಗೆ ಅವು ಬೇಕು. ಪತ್ರ ಶೂ ಅಂಗಡಿ ಅಣ್ಣನಿಗಿರಲಿ, ಅವನು ಕಲಿಸಲಿ, ಎರಡನೇ ಗಂಟೆ. ಮೊದಲನೇ ಗಂಟೆ ನಂದು. ಶೀಟು ಇರುತ್ತೆ. ನನ್ನ ಮಾತಲ್ಲೇ ಕೂಗ್ತೀನಿ. ಅದು ಯಾವ ಮಾತು ಅಂತ ಕೆಳಗೆ ಬೋರ್ಡಲ್ಲಿ ಬರೀಬೇಕು, ಇನ್ನು ಯಾರೂ ರೈಲು ಹತ್ತಿ ಹೋಗಿ ನಗೆಪಾಟಲಾಗೋದು ಬೇಡ."

ಕಾರ್ಯದರ್ಶಿ ಸಮಿತಿಯ ಉಳಿದ ಇಬ್ಬರ ಮುಖ ನೋಡಿದ. ಅವರಿಬ್ಬರೂ ಅಕ್ಕನ ಹತ್ತಿರ ಕಲಿತವರೇ, ನೆಲದ ಮೇಲೆ ಕೂತಿದ್ದರು. "ಬರೆಸೋಣ" ಅಂದ.

"ಇವತ್ತೇ" ಅಂದಳು ಅಕ್ಕ.

ಬೋರ್ಡು ಕರಿಹಲಗೆ, ಸೀಮೆಸುಣ್ಣ ಸಾಕು. ಗಂಡ ಕೆಳಗಿಳಿದು ಹೋಗಿ ದಪ್ಪ ಅಕ್ಷರದಲ್ಲಿ ಬರೆದ, ಬಸ್ಸಿನ ಬೋರ್ಡು ಬರೆಯುವವನಂತೆ: ಹೊಸಬರಿಗೆ ಪಾಠ, ಮೂರು ಗಂಟೆ, ಕನ್ನಡದಲ್ಲಿ. ಕೆಳಗೆ ಊರ ಭಾಷೆಯಲ್ಲೂ ಅದನ್ನೇ ಬರೆದ. ಮೇಲೆ ನರ್ಸ್ ಬೀರುವಿನಿಂದ ಶೀಟುಗಳನ್ನು ಎಳೆದು ಹಾಕಿದಳು. ಉಸ್ತಾದ ಒಂದು ಶೀಟಿನ ತುದಿ ಎತ್ತಿಕೊಂಡು, ಮೂಸಿ ನೋಡಿ, ಸೋಪಿನ ವಾಸನೆಗೆ ತಲೆದೂಗಿ, ಇನ್ನೊಂದು ತುದಿಯನ್ನು ಅತ್ತೆಯ ಕಡೆ ಚಾಚಿ ಹುಬ್ಬು ಹಾರಿಸಿದ.

ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಕೈ ತೊಳ್ಕೊಂಡಿದಾನಾ ಕೇಳು."

ಅಕ್ಕ ಕೇಳಿದಳು, ಶೂ ಅಂಗಡಿಯವನು ಕೇಳಿದ, ಉಸ್ತಾದ ಎರಡೂ ಅಂಗೈ ತಿರುಗಿಸಿ ತೋರಿಸಿದ. ಅತ್ತೆ ತುದಿ ಹಿಡಿದಳು. ಅಕ್ಕ ನಡುವೆ ನಿಂತು ಗಟ್ಟಿಯಾಗಿ ಕೂಗಿದಳು. ಆರು ಗಂಟೆಗೆ ಮುಗಿಯಬೇಕಾದದ್ದು ಏಳಾದರೂ ಮುಗಿಯಲಿಲ್ಲ. ಉಸ್ತಾದ ನಾಲ್ಕನೇ ಸಲಕ್ಕೆ ಸರಿಯಾಗಿ ಬಿಟ್ಟ. ಅತ್ತೆ ಮೊದಲನೇ ಸಲಕ್ಕೇ ಬಿಟ್ಟಳು, ಅವಳಿಗೆ ಮಾತು ಅರ್ಥವಾಗುತ್ತಿತ್ತಲ್ಲ. ಅದನ್ನು ವಾರಪೂರ್ತಿ ಹೇಳಿಕೊಂಡು ತಿರುಗಿದಳು. ಈಗ ಪ್ರತಿ ಭಾನುವಾರ ಬರುತ್ತಾಳೆ, ಗಡಿಯಾರದವನಿಗೆ ಏಳನೆಯ ಮಾತು ಕಲಿಸಿದ್ದಾಳೆ. ಅದು 'ಊಟ ಆಯ್ತಾ'. ಎರಡು ಮಾತಲ್ಲವೇ ಅಂದರೆ, "ಅವನ ಬಾಯಲ್ಲಿ ಒಂದೇ" ಅನ್ನುತ್ತಾಳೆ.

ಇಷ್ಟು ಓದಿ ನಕ್ಕಿರಿ, ಸಂತೋಷ. ಈಗ ನಿಮ್ಮ ಮಾತು. ನಾಲ್ಕು ಕಡೆಯವರು ಸೇರಿದ ಜಾಗದಲ್ಲಿ, ಅದು ಕುಣಿತವಿರಲಿ ಆಟವಿರಲಿ ಸಾಮಾನು ಎತ್ತುವುದಿರಲಿ, ಎಣಿಸಿ ಕೂಗುವ ಸರದಿ ನಿಮಗೆ ಬಂದಾಗ ಕನ್ನಡವನ್ನು ಗಂಟಲಲ್ಲೇ ನುಂಗಿ ಬೇರೆಯವರ ಮಾತು ಹುಡುಕಿದ್ದೀರಿ. ಇಲ್ಲ ಅನ್ನಬೇಡಿ, ಎಲ್ಲರೂ ಹುಡುಕಿದ್ದೇವೆ. ಮುಂದಿನ ಸಲ ನುಂಗಬೇಡಿ. ಗಟ್ಟಿಯಾಗಿ ಕೂಗಿ, ಇದು ಯಾವ ಮಾತು ಅಂತ ಹೇಳಿ, ಪಕ್ಕದವನು ಅವನ ಮಾತಿನಲ್ಲಿ ಕೂಗಿದಾಗ ನೀವೂ ಹೆಜ್ಜೆ ಹಾಕಿ. ಮಾಡುತ್ತೀರಾ ಇಲ್ಲವಾ, ಅಷ್ಟು ಹೇಳಿ.